ರೊಟ್ಟಿ ಕಂಪನಿಯಲ್ಲಿ ಗುಟ್ಟು ಕಾಯುವ ಕೆಲಸ

ನನ್ನ ಜಾಗಕ್ಕೆ ಬಂದ ಹುಡುಗಿ ಮೊದಲ ವಾರವೇ ಫೋನ್ ಮಾಡಿದ್ದಳು. ಡೇಟಾ ಪ್ರೊಟೆಕ್ಷನ್ ಅಂತ ಅವಳ ಹೆಸರಿನ ಮುಂದೆ ಬರೆದಿದ್ದಾರಂತೆ, ಆದರೆ ದಿನವೂ ಏನು ಮಾಡಬೇಕೆಂದು ಯಾರೂ ಹೇಳುತ್ತಿಲ್ಲವಂತೆ. ನನಗೂ ಯಾರೂ ಹೇಳಿರಲಿಲ್ಲ. ಹೆಚ್ಚಿನ ದಿನ ಇಂಥದೊಂದು ಕೆಲಸ ಇದೆಯೆಂಬುದೇ ನೆನಪಿರುವುದಿಲ್ಲ. ನೆನಪಾದ ದಿನ ಊಟಕ್ಕೆ ಪುರುಸೊತ್ತು ಸಿಗುವುದಿಲ್ಲ. ಫೋನಿನಲ್ಲಿ ಮುಗಿಯುವ ಮಾತಲ್ಲವೆಂದು ಕೂತು ಬರೆಯುತ್ತಿದ್ದೇನೆ. ಅವಳಂತೆ ಸಣ್ಣ ಕಂಪನಿಗಳಿಗೆ ಸೇರುವ ಬೇರೆಯವರಿಗೂ ಉಪಯೋಗವಾದರೆ ರಾಯರ ಕೃಪೆ.

ನಾನು ಧಾರವಾಡದವಳು. ನನ್ನ ಯಜಮಾನರು ಇಲ್ಲಿ ಲಂಡನ್ನಿನ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿದ್ದರು. ಮೊದಲು ಸಟನ್ನಿನಲ್ಲಿದ್ದೆವು, ಆಮೇಲೆ ಕ್ವೀನ್ಸ್‌ಬರಿಗೆ ಬಂದೆವು. ಮಕ್ಕಳು ದೊಡ್ಡ ಶಾಲೆಗೆ ಹೋಗುವವರೆಗೆ ನಾನು ಮನೆಯಲ್ಲೇ ಇದ್ದೆ. ಈಗಲೂ ಯಾರಾದರೂ ಉದ್ಯೋಗ ಕೇಳಿದರೆ ಗೃಹಿಣಿ ಎಂದೇ ಹೇಳುತ್ತೇನೆ. ಕಂಪನಿಯ ಕೆಲಸವೂ ಮನೆಗೆಲಸದಂತೆಯೇ ಇತ್ತು, ಬೀಗ ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ನೋಡುವುದು.

ಕಂಪನಿ ವೆಂಬ್ಲಿಯಲ್ಲಿತ್ತು. ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಒಂದು ಶೆಡ್ಡು, ಹಿಂದೆ ಅಡುಗೆಮನೆ, ಮುಂದೆ ಗಾಜಿನ ಗೋಡೆಯ ಆಫೀಸು. ಬೆಳಗಾವಿ ಕಡೆಯ ಬಸಣ್ಣ ಮಾಲೀಕರು. ಅವರ ಹೆಂಡತಿ ಗಿರಿಜಕ್ಕ ಅಡುಗೆಮನೆಯ ಯಜಮಾನಿ. ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಹಬ್ಬಕ್ಕೆ ಹೋಳಿಗೆ. ಲಂಡನ್ನಿನ ಉತ್ತರ ಕರ್ನಾಟಕದ ಮನೆಗಳಿಗೆ ವಾರವಾರ ವ್ಯಾನಿನಲ್ಲಿ ಹೋಗುತ್ತಿತ್ತು. ಖಡಕ್ ರೊಟ್ಟಿ ತಿಂಗಳಾದರೂ ಕೆಡದ ಪದಾರ್ಥವಾದ್ದರಿಂದ ಬೆಲ್ಜಿಯಂ, ಜರ್ಮನಿಯ ಅಂಗಡಿಗಳಿಗೂ ಕಳಿಸಲು ಶುರುಮಾಡಿದ್ದರು. ಬಸಣ್ಣ ನನ್ನ ಯಜಮಾನರ ಗೆಳೆಯರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ಗಿರಿಜಕ್ಕನಿಗೆ ನಾನು ಸುಮಕ್ಕ. ಬಿಲ್ ಬರೆಯಲು ಕರೆದರು. ಬಿಲ್ಲಿನಿಂದ ಶುರುವಾದದ್ದು ಎಲ್ಲಿಗೋ ಹೋಯಿತು.

ಆಗಿನ ನಮ್ಮ ಭದ್ರತೆ ಹೇಗಿತ್ತೆಂದು ಹೇಳಿದರೆ ನಗುತ್ತೀರಿ. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಪಾಸ್‌ವರ್ಡ್, ಬಸಣ್ಣನವರ ಮನೆದೇವರ ಹೆಸರು. ದೇವರ ಹೆಸರಿದ್ದರೆ ಕಳ್ಳ ಮುಟ್ಟುವುದಿಲ್ಲ ಎಂದು ಅವರ ನಂಬಿಕೆ. ದೇವರನ್ನು ನಾನೂ ನಂಬುತ್ತೇನೆ, ಆದರೆ ನಮ್ಮ ದೇವರಿಗೆ ಬೀಗದ ಕೆಲಸ ಹಚ್ಚುವುದು ನನಗೆ ಸರಿಕಾಣಲಿಲ್ಲ. ಹೊಸಬರಿಗೆ ಮರೆಯದಿರಲಿ ಎಂದು ಅದನ್ನು ಹಳದಿ ಚೀಟಿಯಲ್ಲಿ ಬರೆದು ಪ್ರತಿ ಪರದೆಯ ಕೆಳಗೆ ಅಂಟಿಸಿದ್ದರು.

ಒಂದು ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಯ ದಿನ, ಗಿರಿಜಕ್ಕ ಲಟ್ಟಣಿಗೆ, ಹಂಚು, ತಕ್ಕಡಿ, ವ್ಯಾನು, ಕಂಪ್ಯೂಟರು ಎಲ್ಲದಕ್ಕೂ ಅರಿಷಿಣ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದರು. ಬಸಣ್ಣ ಚಂದದ ಫೋಟೋ ತೆಗೆದು ನಮ್ಮ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು ಮಾತ್ರ, ಕುಂಕುಮದ ಪಕ್ಕದಲ್ಲಿರುವ ಹಳದಿ ಚೀಟಿ ಬಹಳ ಸ್ಪಷ್ಟವಾಗಿ ಕಾಣುತ್ತಿದೆ ಎಂದು ಬರೆದರು. ಅಂದಿನಿಂದ ಚೀಟಿಗಳು ಹೋದವು. ಪುಣ್ಯಕ್ಕೆ ಅಂದು ಪೂಜೆಗೆಂದು ಕಂಪ್ಯೂಟರುಗಳನ್ನು ಮರುದಿನದವರೆಗೆ ಮುಟ್ಟದೆ ಬಂದ್ ಇಟ್ಟಿದ್ದೆವು, ಯಾರೂ ಒಳಹೊಕ್ಕಿರಲಿಲ್ಲ. ಇಂಥ ಸಣ್ಣ ಪುಣ್ಯಗಳನ್ನು ನಾನು ಎಣಿಸಿಟ್ಟುಕೊಳ್ಳುತ್ತೇನೆ. ದೊಡ್ಡವು ಹೇಗೂ ನೆನಪಿರುತ್ತವೆ.

ಆಮೇಲೆ ಬೆಲ್ಜಿಯಂನಿಂದ ಪ್ರಶ್ನಾವಳಿ ಬಂತು. ಅಲ್ಲಿಯ ಅಂಗಡಿಗಳ ಒಂದು ಗುಂಪು ನಮ್ಮ ರೊಟ್ಟಿಯನ್ನು ತಮ್ಮ ಎಲ್ಲ ಶಾಖೆಗಳಲ್ಲೂ ಇಡಲು ಒಪ್ಪಿತ್ತು. ಆದರೆ ಮೊದಲು ಇದಕ್ಕೆ ಉತ್ತರ ಕೊಡಿ ಅಂದಿತು. ನಿಮ್ಮ ಡೇಟಾ ರಕ್ಷಣೆಯ ಜವಾಬ್ದಾರಿ ಯಾರದು? ಸೈಬರ್ ದಾಳಿಯಾದರೆ ಏನು ಮಾಡುತ್ತೀರಿ? ಸಿಬ್ಬಂದಿಗೆ ತರಬೇತಿ ಆಗಿದೆಯೇ? ಬ್ರಿಟನ್ ಅಷ್ಟರಲ್ಲಿ ಯೂರೋಪಿನ ಕೂಟದಿಂದ ಹೊರಬಿದ್ದಿತ್ತು. ಇನ್ನು ಅವರ ನಿಯಮದ ಕಾಟವಿಲ್ಲ ಎಂದುಕೊಂಡಿದ್ದ ಬಸಣ್ಣನಿಗೆ, ಇಲ್ಲಿಯ ಕಾಯ್ದೆಯೂ ಹೆಚ್ಚುಕಡಿಮೆ ಅದೇ, ಅವರಿಗೆ ಮಾರುವುದಾದರೆ ಅವರದೂ ಬೇಕು ಎಂದು ತಿಳಿದು ಬೇಸರವಾಯಿತು. ಚಹ ಆರುವುದರೊಳಗೆ ಎಲ್ಲದಕ್ಕೂ ‘ಹೌದು’ ಎಂದು ಟಿಕ್ ಹಾಕಿದರು. ಜವಾಬ್ದಾರಿ ಯಾರದು ಎಂಬಲ್ಲಿ ನನ್ನ ಹೆಸರು ಬರೆದರು. ನನಗೆ ಗೊತ್ತಾದದ್ದು ಮರುದಿನ.

ಸುಳ್ಳಿನ ಮೇಲೆ ನನ್ನ ಹೆಸರು ಇರುವುದು ಬೇಡ, ಅದನ್ನು ನಿಜ ಮಾಡೋಣ ಎಂದೆ. ನಮ್ಮ ಕೌನ್ಸಿಲ್ಲಿನವರು, ಅಂದರೆ ಇಲ್ಲಿಯ ನಗರಸಭೆಯವರು, ಸಣ್ಣ ವ್ಯಾಪಾರಿಗಳಿಗಾಗಿ ಲೈಬ್ರರಿಯಲ್ಲಿ ಪುಕ್ಕಟೆ ಪಾಠ ಇಟ್ಟಿದ್ದರು, ಅಲ್ಲಿಗೆ ಹೋದೆ. ಬ್ರೆಡ್ ಮಾಡುವ ಪೋಲೆಂಡಿನವರು, ಔಷಧಿ ಅಂಗಡಿಯ ಗುಜರಾತಿಗಳು, ಒಬ್ಬ ವಕೀಲರು, ಹೂವಿನ ಅಂಗಡಿಯಾಕೆ ಬಂದಿದ್ದರು. ಪಾಠ ಹೇಳುವ ಹೆಲೆನ್ ಎಂಬಾಕೆ, ನಿಮ್ಮಲ್ಲಿ ಯಾರ ಕಂಪನಿಗೆ ಕನ್ನ ಬಿದ್ದಿದೆ, ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ. ಚಹದ ಬಿಡುವಿನಲ್ಲಿ ಮಾತ್ರ ಒಬ್ಬೊಬ್ಬರದೂ ಒಂದೊಂದು ಕತೆ ಹೊರಬಿತ್ತು. ವಕೀಲರದು ಎಲ್ಲರಿಗಿಂತ ದೊಡ್ಡದು. ಅವರೂ ಇಂಥದೇ ಪ್ರಶ್ನಾವಳಿಗೆ ‘ಹೌದು’ ಟಿಕ್ ಹಾಕಿದವರೇ. ಯೂರೋಪಿನ ವ್ಯಾಪಾರ ಎಷ್ಟು ಸಜ್ಜಾಗಿದೆ ಎಂದು ಕಾಗದ ನೋಡಿ ತಿಳಿಯಹೋಗಬೇಡಿ, ಚಹದ ಬಿಡುವಿನಲ್ಲಿ ಕೇಳಿ.

ಪಾಠದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ ಮಾತು. ಹೆಸರು, ವಿಳಾಸ ಒಂದು ತೂಕ. ಮನುಷ್ಯರ ಆರೋಗ್ಯ, ಧರ್ಮ, ನಂಬಿಕೆ ಇವುಗಳದ್ದು ಬೇರೆಯೇ ತೂಕ, ಇವನ್ನು ಬರೆದಿಟ್ಟುಕೊಂಡವರು ಎರಡರಷ್ಟು ಜೋಪಾನ ಮಾಡಬೇಕು. ಅದನ್ನು ಕೇಳಿ ನನಗೆ ಗಿರಿಜಕ್ಕ ನೆನಪಾದರು.

ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದವರು ಗಿರಿಜಕ್ಕ. ಅವರೊಡನೆ ಎರಡು ನಿಮಿಷ ಮಾತಾಡಿದವರು ಮನೆಯ ಸಂಗತಿ ಹೇಳದೆ ಫೋನ್ ಇಟ್ಟದ್ದಿಲ್ಲ. ಪ್ರತಿ ಗಿರಾಕಿಯ ಹೆಸರಿನ ಮುಂದೆ ಕಂಪ್ಯೂಟರಿನ ಪಟ್ಟಿಯಲ್ಲಿ ಷರಾ ಬರೆಯಲು ಒಂದು ಕಾಲಂ ಇತ್ತು. ಅಲ್ಲಿ ಅವರು ಎಲ್ಲವನ್ನೂ ಬರೆಯುತ್ತಿದ್ದರು, ಅದೂ ಕನ್ನಡದಲ್ಲಿ, ತಾವು ಆಡುವ ಹಾಗೆಯೇ. ಸೋಮವಾರ ಉಪವಾಸ, ಮಂಗಳವಾರ ಕೊಡ್ರಿ. ಇವರ ಮನ್ಯಾಗ ಸೂತಕ, ಈ ವಾರ ಹೋಳಿಗಿ ಬ್ಯಾಡ. ಸಕ್ಕರಿ ಬ್ಯಾನಿ ಐತಿ, ಹೋಳಿಗಿ ಆಫೀಸಿಗೆ ಮುಟ್ಟಸ್ರಿ, ಹೆಂಡತಿಗೆ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ ಎಂದು ಎಷ್ಟೋ ಸಾಲುಗಳಲ್ಲಿತ್ತು. ಹೇಳಬಾರದ್ದನ್ನು ಬರೆದು ಪಕ್ಕದಲ್ಲಿ ಹೇಳಬ್ಯಾಡ್ರಿ ಎಂದು ಬರೆಯುವುದು ಅವರ ಡೇಟಾ ರಕ್ಷಣೆ. ಅದು ಪ್ರೀತಿಯಿಂದ ಬರೆದದ್ದೇ. ಸೂತಕದ ಮನೆಗೆ ಹೋಳಿಗೆ ಹೋಗಬಾರದೆಂಬ ಕಾಳಜಿ ಯಾವ ದೊಡ್ಡ ಕಂಪನಿಗೆ ಇದ್ದೀತು? ಆದರೆ ಆ ಪಟ್ಟಿ ಪ್ರತಿ ಗುರುವಾರ ಬಸಣ್ಣನ ಮೇಲ್‌ನಿಂದ ಇಬ್ಬರು ವ್ಯಾನ್ ಡ್ರೈವರುಗಳಿಗೆ ಹೋಗುತ್ತಿತ್ತು, ಇಡಿಯಾಗಿ.

ಆ ಪಟ್ಟಿಯಲ್ಲಿ ರೂಪಾ ಎಂಬ ಹುಡುಗಿಯ ಸಾಲೊಂದಿತ್ತು. ಮೈಸೂರಿನವಳು, ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಗಂಡ ಸಂಜಯ ವಿಜಯಪುರದವನು, ಸಜ್ಜೆ ರೊಟ್ಟಿ ಶುರುವಾದದ್ದು ಅವನಿಗಾಗಿ, ಆಮೇಲೆ ಅವಳಿಗೂ ರೂಢಿಯಾಯಿತು. ಒಂದು ದಿನ ಅವಳು ಫೋನ್ ಮಾಡಿ, ಇನ್ನು ರೊಟ್ಟಿಗೆ ಎಳ್ಳು ಹಚ್ಚಬೇಡಿ ಎಂದಿದ್ದಳು. ಬಸುರಿಯರು ಎಳ್ಳು ತಿನ್ನಬಾರದೆಂದು ನಮ್ಮಲ್ಲಿ ಹೇಳುವುದುಂಟು. ಡಾಕ್ಟರ್ ಆದರೇನು, ಅವಳ ತಾಯಿ ಹೇಳಿರಬೇಕು. ಗಿರಿಜಕ್ಕನಿಗೆ ಅಷ್ಟೇ ಸಾಕಾಯಿತು. ಫೋನ್ ಇಡುವಷ್ಟರಲ್ಲಿ ಎಲ್ಲ ಕೇಳಿಕೊಂಡು ಬರೆದರು: ಎಳ್ಳು ಬ್ಯಾಡ. ಮೂರು ತಿಂಗಳಾತು. ಯಾರಿಗೂ ಹೇಳಬ್ಯಾಡ್ರಿ.

ಆ ಗುಟ್ಟಿಗೆ ಕಾರಣವಿತ್ತು. ರೊಟ್ಟಿ ಒಯ್ಯಲು ಬಂದಾಗ ರೂಪಾ ನನಗೇ ಹೇಳಿದ್ದಳು. ಹಿಂದಿನ ವರ್ಷವೂ ಒಮ್ಮೆ ಬಸಿರು ನಿಂತಿತ್ತು. ಸುದ್ದಿ ಕೇಳಿ ವಿಜಯಪುರದ ಅತ್ತೆ ಸಂತೋಷದಲ್ಲಿ ಇಡೀ ಬಡಾವಣೆಗೆ ಪೇಢೆ ಹಂಚಿದ್ದರು. ನಾಲ್ಕನೇ ತಿಂಗಳಲ್ಲಿ ಹೋಯಿತು. ಆಮೇಲೆ ಸಮಾಧಾನ ಹೇಳುವವರ ಫೋನುಗಳು ಎಷ್ಟು ಬಂದವೆಂದರೆ ಅವಳು ಫೋನಿನ ಸದ್ದನ್ನೇ ತೆಗೆದಿಟ್ಟಳಂತೆ. ಈ ಸಲ ದೊಡ್ಡ ಸ್ಕ್ಯಾನ್ ಆಗಲಿ, ಎಲ್ಲ ಸರಿಯಿದೆ ಎಂದು ಸ್ಕ್ಯಾನ್ ಮಾಡಿದವರು ಹೇಳಲಿ, ಆಮೇಲೆ ತಾನೇ ತನ್ನ ಬಾಯಿಂದ ಅತ್ತೆಗೆ ಹೇಳುತ್ತೇನೆ ಎಂದು ನಿಶ್ಚಯಿಸಿದ್ದಳು. ಅಲ್ಲಿಯವರೆಗೆ ಗಂಡ ಮತ್ತು ತನ್ನ ತಾಯಿ ಬಿಟ್ಟರೆ ಯಾರಿಗೂ ಇಲ್ಲ. ಮತ್ತು ಎಳ್ಳಿನ ದೆಸೆಯಿಂದ ನಮ್ಮ ಅಡುಗೆಮನೆಗೆ.

ಪಾಠ ಮುಗಿಸಿ ಬಂದವಳೇ ನಾನು ಷರಾ ಕಾಲಂ ತೆಗೆಯಬೇಕೆಂದೆ. ಗಿರಿಜಕ್ಕ ಒಪ್ಪಲಿಲ್ಲ, ಯಾರ ಹೊಟ್ಟೆಗೆ ಏನು ಆಗುತ್ತದೆಂದು ತಿಳಿಯದೆ ಅಡುಗೆ ಮಾಡುವುದು ಹೇಗೆ ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಕಡೆಗೆ, ಊಟಕ್ಕೆ ಸಂಬಂಧಪಟ್ಟದ್ದು ಅಡುಗೆಮನೆಯಲ್ಲೇ ಇರಲಿ, ಡ್ರೈವರಿಗೆ ವಿಳಾಸ ಮಾತ್ರ ಹೋಗಲಿ ಎಂದು ರಾಜಿಯಾಯಿತು. ದೀಪಾವಳಿಯ ಗಡಿಬಿಡಿ ಮುಗಿಯಲಿ ವೈನಿ, ಆಮೇಲೆ ಮಾಡೋಣ ಎಂದರು ಬಸಣ್ಣ. ಇನ್ನೊಂದನ್ನು ಮಾತ್ರ ಆಗಲೇ ಮಾಡಿದ್ದೆ. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್ ಹಾಕಿದರೇ ಮೇಲ್ ತೆರೆಯುವಂತೆ ಎಲ್ಲರಿಗೂ ವ್ಯವಸ್ಥೆ ಮಾಡಿದೆ. ವ್ಯಾನ್ ಓಡಿಸುವಾಗ ಕೋಡ್ ಎಲ್ಲಿ ನೋಡಲಿ ಎಂದು ಬಸಣ್ಣ ತಮ್ಮೊಬ್ಬರದ್ದನ್ನು ತೆಗೆಸಿದರು. ಈಗ ಕೆಲಸಕ್ಕೆ ಸೇರುವವರಿಗೆ ಹೇಳುತ್ತೇನೆ: ನಿಯಮ ಮಾಡಿದ ಕೂಡಲೇ, ಅದರಿಂದ ವಿನಾಯಿತಿ ಬೇಕು ಎಂದು ಬರುವವರು ಯಾರು ನೋಡಿ. ಕಳ್ಳ ಆ ಬಾಗಿಲಿಗೇ ಬರುತ್ತಾನೆ.

ಬಂದ. ದೀಪಾವಳಿಗೆ ಮುಂಚಿನ ಗುರುವಾರ ಬಸಣ್ಣನಿಗೆ ಬೆಲ್ಜಿಯಂನವರ ಹೆಸರಿನಲ್ಲಿ ಒಂದು ಮೇಲ್ ಬಂತು. ನಿಮ್ಮ ಭದ್ರತಾ ಹೇಳಿಕೆಯ ಅವಧಿ ಮುಗಿದಿದೆ, ಇಲ್ಲಿ ಒತ್ತಿ, ನಿಮ್ಮ ಪಾಸ್‌ವರ್ಡ್ ಹಾಕಿ ನವೀಕರಿಸಿ, ಇಲ್ಲವಾದರೆ ಆರ್ಡರ್ ನಿಲ್ಲುತ್ತದೆ ಎಂದು. ಆರ್ಡರ್ ನಿಲ್ಲುತ್ತದೆ ಎಂಬುದನ್ನು ಓದಿ ಅವರು ಮುಂದಿನದನ್ನು ಓದಲಿಲ್ಲ. ಸುರಕ್ಷತೆಯ ಹೆಸರಿನಲ್ಲೇ ಕೀಲಿಕೈ ಕೇಳಿದ್ದರು, ಇವರು ಕೊಟ್ಟರು.

ಶುಕ್ರವಾರ ಬೆಳಿಗ್ಗೆ ನಾನು ಆಫೀಸಿನ ದೇವರಿಗೆ ಊದುಬತ್ತಿ ಹಚ್ಚುತ್ತಿದ್ದಾಗ ಮೊದಲ ಫೋನ್ ಬಂತು. ಬಸಣ್ಣ ನನಗೇಕೆ ಡ್ರೈವರ್ ಪಟ್ಟಿ ಕಳಿಸಿದ್ದಾರೆ ಎಂದು ಒಬ್ಬ ಗಿರಾಕಿ ಕೇಳಿದರು. ಎರಡನೆಯದೂ ಅದೇ. ತೆರೆದು ನೋಡಿದೆವು. ಕಳ್ಳ ಅವರ ಮೇಲ್ ಪೆಟ್ಟಿಗೆಯಲ್ಲಿ ಕೂತು, ಹಿಂದಿನ ದಿನ ಅವರು ಡ್ರೈವರುಗಳಿಗೆ ಬರೆದ ಮೇಲ್ ಅನ್ನೇ ಎತ್ತಿಕೊಂಡು, ‘ನಿಮ್ಮ ಆರ್ಡರ್ ಪರೀಕ್ಷಿಸಿ’ ಎಂಬ ತನ್ನದೊಂದು ಲಿಂಕ್ ಸೇರಿಸಿ, ಅವರ ಬಳಿ ವಿಳಾಸವಿದ್ದ ಎಲ್ಲರಿಗೂ ಕಳಿಸಿದ್ದ. ನಿಜವಾದ ಪಟ್ಟಿ ಜೊತೆಗಿದ್ದರೆ ಜನ ನಂಬುತ್ತಾರಲ್ಲ. ಗಿರಿಜಕ್ಕನ ಕಾಲಂ ಸಮೇತ ಹೋಗಿತ್ತು.

ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಅವನನ್ನು ಹೊರಹಾಕಿ, ಕೋಡ್ ಮತ್ತೆ ಹಚ್ಚಿದೆ. ಇನ್ನು ಎಲ್ಲರಿಗೂ ನಡೆದದ್ದನ್ನು ಹೇಳಬೇಕು ಎಂದೆ. ಬಸಣ್ಣ ಕುರ್ಚಿಯಲ್ಲಿ ಕುಸಿದಿದ್ದರು. ಕಂಪನಿಯ ಮಾನ ಹೋಗುತ್ತದೆ, ಬೆಲ್ಜಿಯಂ ಆರ್ಡರ್ ಹೋಗುತ್ತದೆ, ಸುಮ್ಮನಿದ್ದುಬಿಡೋಣ ಎಂಬುದು ಅವರ ಮಾತಿನ ಸಾರ.

"ಕಳ್ಳಗ ಕನ್ನಡ ಬರ್ತೈತೇನ್ ವೈನಿ? ಆ ಕಾಲಂ ಯಾರು ಓದ್ತಾರ?"

ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕ ಕೈಯ ಹಿಟ್ಟನ್ನೂ ತೊಳೆದುಕೊಂಡಿರಲಿಲ್ಲ. "ಕಳ್ಳಗ ಬರೂದಿಲ್ಲ. ಗಿರಾಕಿಗೆ ಬರ್ತೈತಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸುಮಕ್ಕ, ರೂಪಾಂದು ಅದರಾಗ ಐತಿ," ಎಂದರು.

ನನಗೂ ಅದೇ ಹೊಳೆದಿತ್ತು, ಅದರ ಜೊತೆಗೆ ಇನ್ನೊಂದು ಹೆಸರೂ ಹೊಳೆದಿತ್ತು. ಮಾಲತಿಬಾಯಿ. ಸಂಜಯನ ಸೋದರತ್ತೆ, ಸಟನ್ನಿನಲ್ಲಿ ಇರುವವರು, ನಮ್ಮ ಚಟ್ನಿ ಪುಡಿಯ ಹಳೆಯ ಗಿರಾಕಿ. ನಾವು ಸಟನ್ನಿನಲ್ಲಿದ್ದ ದಿನಗಳಿಂದ ನನಗೆ ಅವರನ್ನು ಗೊತ್ತು. ಒಳ್ಳೆಯ ಜೀವ, ಆದರೆ ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಅವರಿಗೆ ಸಟನ್ನಿನಲ್ಲಿ ಹೇಳಿದ ಮಾತು ವಿಜಯಪುರ ಮುಟ್ಟುವಷ್ಟರಲ್ಲಿ ನಮ್ಮ ರೈಲು ಮುಂದಿನ ಸ್ಟೇಷನ್ ಕಂಡಿರುವುದಿಲ್ಲ. ಹಿಂದಿನ ಸಲ ಪೇಢೆಯ ಸುದ್ದಿಯನ್ನು ಲಂಡನ್ನಿನ ತುಂಬ ಹರಡಿದವರೂ ಅವರೇ. ಅವರಿಗೂ ಮೇಲ್ ಹೋಗಿತ್ತು.

ಎಲ್ಲರಿಗೂ ಎಚ್ಚರಿಕೆಯ ಸಂದೇಶ ಕಳಿಸಲೇಬೇಕು. ಲಿಂಕ್ ಒತ್ತಿದವರ ಪಾಸ್‌ವರ್ಡ್ ಹೋಗುವುದಿತ್ತು. ಮೇಲ್ ಜೊತೆಗಿರುವ ಪಟ್ಟಿಯನ್ನು ದಯವಿಟ್ಟು ತೆರೆಯಬೇಡಿ ಎಂದೂ ಬರೆಯೋಣ ಎಂದರು ಬಸಣ್ಣ. ನಮ್ಮ ಜನರ ಸ್ವಭಾವ ಬಲ್ಲವಳಾಗಿ ನಾನು ತಡೆದೆ. ತೆರೆಯಬೇಡಿ ಅಂದರೆ ಬಿಟ್ಟವರೂ ತೆರೆಯುತ್ತಾರೆ. ಲಿಂಕ್ ಒತ್ತಬೇಡಿ, ಮೇಲ್ ಅಳಿಸಿರಿ, ವಿವರ ಆಮೇಲೆ ತಿಳಿಸುತ್ತೇವೆ ಎಂದಷ್ಟೇ ಹಾಕಿ ಎಂದು ಹೇಳಿ ರೂಪಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿಪಾಳಿ ಮುಗಿಸಿ ಮಲಗಿರಬೇಕು. ಸಂಜಯ ಕೆಲಸದ ಮೇಲೆ ಊರಲ್ಲಿರಲಿಲ್ಲ. ಗುಟ್ಟು ಅವಳದು, ಅದು ಹೊರಬಿದ್ದದ್ದು ಮೊದಲು ಅವಳಿಗೇ ಗೊತ್ತಾಗಬೇಕು, ಬೇರೆಯವರ ಅಭಿನಂದನೆಯ ಫೋನಿನಿಂದಲ್ಲ. ಕೋಟು ಹಾಕಿಕೊಂಡು ಹೊರಟೆ.

ಅವಳ ಫ್ಲಾಟು ಸ್ಟೇಡಿಯಂ ಹತ್ತಿರದ ಹೊಸ ಕಟ್ಟಡಗಳಲ್ಲಿ. ಅಂದು ಅಲ್ಲಿ ಏನೋ ದೊಡ್ಡ ಕಾರ್ಯಕ್ರಮ. ಟೋಪಿ, ಸ್ಕಾರ್ಫಿನ ಜನ ಆಗಲೇ ರಸ್ತೆ ತುಂಬ. ರಾಯರ ಸ್ತೋತ್ರ ಹೇಳಿಕೊಳ್ಳುತ್ತ ಆ ಗುಂಪಿನ ಎದುರು ಈಜಿದ ಹಾಗೆ ನಡೆದೆ. ಕಟ್ಟಡದ ಬಾಗಿಲಲ್ಲಿ ಕೂತವನಿಗೆ ರೂಪಾಳನ್ನು ನೋಡಬೇಕು ಎಂದರೆ, ಅಂಥವರು ಇಲ್ಲಿದ್ದಾರೋ ಇಲ್ಲವೋ ಹೇಳಲು ನನಗೆ ಅಧಿಕಾರವಿಲ್ಲ ಎಂದ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಆ ಬೆಳಿಗ್ಗೆ ನಾನು ಕಂಡವರಲ್ಲಿ ಡೇಟಾ ನಿಯಮವನ್ನು ಸರಿಯಾಗಿ ಪಾಲಿಸುತ್ತಿದ್ದವನು ಅವನೊಬ್ಬನೇ. ಫ್ಲಾಟಿನ ನಂಬರ್ ನನಗೇ ಗೊತ್ತಿದೆ, ಒಳಗಿನ ಫೋನಿನಲ್ಲಿ ಕೇಳಪ್ಪ ಎಂದೆ. ಕೇಳಿದ. ಅವಳು ಎದ್ದಳು, ಲಿಫ್ಟ್ ಹತ್ತಿದೆ.

ಅವಳು ಕಣ್ಣು ಉಜ್ಜಿಕೊಳ್ಳುತ್ತ ಬಾಗಿಲು ತೆರೆದು, ನಾನು ರೊಟ್ಟಿ ತಂದಿದ್ದೇನೆ ಎಂದುಕೊಂಡಳು. ನಾನು ಸುತ್ತಿಬಳಸಲಿಲ್ಲ. ಏನಾಯಿತು, ಯಾರಿಗೆ ಹೋಯಿತು, ಅದರಲ್ಲಿ ಏನು ಬರೆದಿತ್ತು, ಎಲ್ಲ ಹೇಳಿದೆ. ಮಾಲತಿಬಾಯಿಗೂ ಹೋಗಿದೆ ಎಂದೆ. ಅವಳು ಸೋಫಾದ ಅಂಚಿನಲ್ಲಿ ಕೂತಳು. ಕಿಟಕಿಯ ಹೊರಗೆ ಜನ ಹಾಡುತ್ತ ಹೋಗುತ್ತಿದ್ದರು.

"ಆಂಟಿ, ಸ್ಕ್ಯಾನ್ ಮುಂದಿನ ವಾರ. ಇನ್ನೊಂದೇ ವಾರ ಇತ್ತು," ಎಂದಳು. ಆಮೇಲೆ, "ಹೋದ ಸಲ ನಮ್ಮತ್ತೆಗೆ ಹೇಳಿದ್ದೂ ನಾನಲ್ಲ, ಹೋಯ್ತು ಅಂತ ಹೇಳಿದ್ದೂ ನಾನಲ್ಲ. ಎಲ್ಲಾ ಬೇರೆಯವರೇ ಹೇಳ್ಬಿಟ್ರು. ಈ ಸಲನಾದ್ರೂ ನಾನು ಹೇಳ್ಬೇಕಿತ್ತು."

ಕ್ಷಮಿಸು ಎಂದೆ. ಕ್ಷಮೆಯ ಜೊತೆ ಕಾರಣ ಸೇರಿಸಬಾರದೆಂದು ನನಗೆ ಯಾವ ಪಾಠವೂ ಕಲಿಸಬೇಕಾಗಿರಲಿಲ್ಲ. ಅವಳ ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿ ತಂದುಕೊಟ್ಟೆ. ಕುಡಿದಳು. ವಿಜಯಪುರದ ಅತ್ತೆಯ ಫೋನ್ ಬರುವುದನ್ನು ಕಾಯುತ್ತ ಕೂರುವುದಕ್ಕಿಂತ ತಾನೇ ಸಟನ್ನಿಗೆ ಫೋನ್ ಮಾಡುತ್ತೇನೆ, ನೀವು ಪಕ್ಕದಲ್ಲಿರಿ ಎಂದಳು. ಸ್ಪೀಕರ್ ಹಾಕಿದಳು.

ಬೆಳಿಗ್ಗೆ ರೊಟ್ಟಿ ಕಂಪನಿಯಿಂದ ಮೇಲ್ ಬಂತೇ ಎಂದು ಕೇಳಿದಳು. ಬಂತು ಎಂದರು ಮಾಲತಿಬಾಯಿ. ಆ ಒಂದು ಪದದ ಮುಂದೆ ಅವರು ಏನೂ ಹೇಳದಿರುವುದನ್ನು ನಾನು ಅದೇ ಮೊದಲು ಕೇಳಿದ್ದು.

"ಓದಿದ್ರಾ ಅತ್ತೆ?"

"ಓದಿದೆ. ಅಳಿಸಿ ಹಾಕಿದೆ."

"ಯಾರಿಗಾದ್ರೂ..."

"ನಾ ಯಾಕ ಹೇಳ್ಲಿ? ಅದು ನಿನ್ನ ಮಾತು, ನೀ ಹೇಳೂ ಮಾತು. ಹೋದ ಸಲ ನಾವೆಲ್ಲಾ ಸೇರಿ ಒದರಿದ್ದು ಸಾಕಾಗಿಲ್ಲೇನು?" ಎಂದರು. ಆಮೇಲೆ ದನಿ ತಗ್ಗಿಸಿ, "ಮುಂಜಾನಿಂದ ಬಾಯಿ ಕಟ್ಟಿ ಕೂತೀನಿ ರೂಪಾ. ಹೊಟ್ಟಿ ಉಬ್ಬಿ ಹೊಂಟದ. ಇನ್ನೂ ಎಷ್ಟು ದಿನಾ?"

"ಒಂದು ವಾರ, ಅತ್ತೆ."

"ಒಂದು ವಾರಾ?" ಎಂದು ನಿಟ್ಟುಸಿರು ಬಿಟ್ಟರು. "ಆಗ್ಲಿ. ನಿನ್ನ ಅತ್ತಿ ಫೋನ್ ಬಂದ್ರ ಗಂಟಲಾ ಬಿಗಿದದ ಅಂತೀನಿ."

ರೂಪಾ ಅಳುತ್ತಲೇ ನಕ್ಕಳು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಆಫೀಸಿಗೆ ಮರಳಿದಾಗ ಬಸಣ್ಣ ಬೆಲ್ಜಿಯಂಗೆ ನೀವೇ ಫೋನ್ ಮಾಡಿ ವೈನಿ ಎಂದರು. ಮೇಲ್‌ನಲ್ಲಿದ್ದ ನಂಬರಿಗಲ್ಲ, ನಮ್ಮಲ್ಲಿ ಮೊದಲಿನಿಂದ ಇದ್ದ ನಂಬರಿಗೆ ಮಾಡಿದೆ. ಇದೂ ಕಲಿಯುವ ವಿಷಯವೇ, ಅನುಮಾನದ ಕಾಗದದ ಮೇಲಿರುವ ನಂಬರಿಗೆ ಫೋನ್ ಮಾಡಿದರೆ ಕಳ್ಳನೇ ಎತ್ತುತ್ತಾನೆ. ಅಲ್ಲಿಯ ಖರೀದಿಯ ಅಧಿಕಾರಿ ಎಲ್ಸ್ ಎಂಬ ಹೆಂಗಸು. ಅವರು ಎಲ್ಲ ಕೇಳಿಸಿಕೊಂಡು, ತಮ್ಮಲ್ಲೂ ಒಬ್ಬರು ಬೆಳಿಗ್ಗೆ ನಮ್ಮ ಬಸಣ್ಣನ ಹೆಸರಿನ ಆ ಲಿಂಕ್ ಒತ್ತಿದ್ದಾರೆ ಎಂದರು. ಹಾಗಾದರೆ ನಿಮ್ಮ ಯೋಜನೆಯಂತೆ ಜವಾಬ್ದಾರಿ ಇರುವವರಿಗೆ ಕೂಡಲೇ ತಿಳಿಸಿರಿ ಎಂದೆ. ಅವರು ರಜೆಯ ಮೇಲೆ ಬೆಟ್ಟ ಹತ್ತಲು ಹೋಗಿದ್ದಾರೆ, ಬದಲಿಗೆ ಯಾರೆಂದು ಬರೆದಿಲ್ಲ ಎಂದರು. ಮತ್ತೆ ಅವರು, ನೀವು ಮೊದಲು ಏನು ಮಾಡಿದಿರಿ, ಒಂದೊಂದಾಗಿ ಹೇಳಿ ಎಂದು ಕೇಳಿದರು. ಹೇಳಿದೆ, ಬರೆದುಕೊಂಡರು. ಅಷ್ಟು ಉದ್ದದ ಪ್ರಶ್ನಾವಳಿ ಕಳಿಸಿದ್ದವರು.

ಮುಂದಿನ ಕೆಲಸ ಬೇಸರದ್ದು, ಆದರೆ ಕಲಿಯಬೇಕಾದ್ದು. ಇಂಥ ಸೋರಿಕೆಯಾದರೆ ಮೂರು ದಿನದೊಳಗೆ ಡೇಟಾ ರಕ್ಷಣೆಯ ಸರ್ಕಾರಿ ಕಚೇರಿಗೆ ತಿಳಿಸಬೇಕು. ಬಸಣ್ಣನಿಗೆ ಅಲ್ಲಿಂದ ಪೊಲೀಸರೇ ಬರುತ್ತಾರೆಂಬ ಭಯ. ಫೋನಿನಲ್ಲಿ ಸಿಕ್ಕವರು ಸಮಾಧಾನದಿಂದ ಕೇಳಿದರು, ಯಾರಿಗೆ ಹಾನಿಯಾಗಬಹುದು, ಅವರಿಗೆ ಹೇಳಿದಿರಾ, ಮತ್ತೆ ಆಗದಂತೆ ಏನು ಮಾಡಿದ್ದೀರಿ. ಎರಡನೆಯ ಪ್ರಶ್ನೆಗೆ ಹೌದು ಎನ್ನುವಾಗ ನನ್ನ ದನಿ ಗಟ್ಟಿಯಾಗಿತ್ತು. ಆ ವಾರ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಅವರ ಸಾಲಿನಲ್ಲಿ ಏನಿತ್ತೆಂದು ಹೇಳಿದೆವು. ಒಬ್ಬರು ಬೈದು ಖಾತೆ ಮುಚ್ಚಿದರು, ಅದು ಅವರ ಹಕ್ಕು. ಸಕ್ಕರೆ ಕಾಯಿಲೆಯವರು, ನನ್ನ ಹೆಂಡತಿ ಶುಕ್ರವಾರವೇ ಓದಿದಳು, ನಿಮ್ಮ ದಯೆಯಿಂದ ಈಗ ಮನೆಯಲ್ಲಿ ದಿನವೂ ನವಣೆ ಅನ್ನ ಎಂದು ಹಲುಬಿದರು. ಬೆಲ್ಜಿಯಂ ಆರ್ಡರ್ ತಡವಾಯಿತು, ಅಡುಗೆಮನೆಯ ಹೆಂಗಸರಿಗೆ ಆ ತಿಂಗಳು ಕೆಲಸ ಕಡಿಮೆ. ಆದರೆ ಬಂತು. ಗಿರಿಜಕ್ಕ ತಾವೇ ಕೂತು ಷರಾ ಕಾಲಂ ಅಳಿಸಿದರು. ಈಗ ಅಡುಗೆಮನೆಗೆ ತಿಳಿಯುವುದು ಎಳ್ಳು ಬೇಕೋ ಬೇಡವೋ ಎಂಬುದಷ್ಟೇ, ಯಾಕೆಂಬುದಲ್ಲ. ಯಾಕೆಂಬುದು ಅವರ ತಲೆಯಲ್ಲಿದೆ, ಅಲ್ಲಿಗೆ ಯಾವ ಕಳ್ಳನೂ ಹೊಕ್ಕಿಲ್ಲ.

ಆ ವಾರ ಮಾಲತಿಬಾಯಿ ನನಗೆ ದಿನವೂ ಫೋನ್ ಮಾಡುತ್ತಿದ್ದರು. ಹುಡುಗಿ ಊರಿಗೆ ಹೇಳಿದಳೇ, ಸ್ಕ್ಯಾನ್ ಯಾವಾಗ, ಹೇಗಾಯಿತು. ನಾನು ಯಾವುದನ್ನೂ ಹೇಳುವ ಹಾಗಿಲ್ಲ ಎನ್ನುತ್ತಿದ್ದೆ. ನನಗೆ ಗೊತ್ತಿರುವುದನ್ನೇ ನನಗೆ ಹೇಳಲು ಏನು ಅಡ್ಡಿ ಎಂದು ಜಗಳವಾಡಿದರು. ಗೊತ್ತಿರುವುದು ಬೇರೆ, ಹೇಳುವ ಅಧಿಕಾರ ಬೇರೆ ಎಂದೆ. ಸ್ಟೇಡಿಯಂ ಹತ್ತಿರದ ಆ ಬಾಗಿಲಿನವನ ಹಾಗೆಯೇ ಮಾತಾಡುತ್ತಿದ್ದೇನೆ ಎನಿಸಿತು.

ಸ್ಕ್ಯಾನ್ ಆದ ದಿನ ಮಧ್ಯಾಹ್ನ ರೂಪಾ ನನಗೆ ಒಂದು ಸಾಲು ಕಳಿಸಿದಳು: ಎಲ್ಲಾ ಚೆನ್ನಾಗಿದೆ ಆಂಟಿ, ಈಗ ವಿಜಯಪುರಕ್ಕೆ ಫೋನ್ ಮಾಡ್ತಿದೀನಿ. ನಾನು ಎದ್ದು ದೇವರ ಮುಂದೆ ದೀಪ ಹಚ್ಚಿದೆ.

ಸಂಜೆ ಮಾಲತಿಬಾಯಿಯ ಫೋನ್ ಬಂತು. ಈ ಸಲ ಅವರೇನೂ ಕೇಳಲಿಲ್ಲ, ನಡೆದದ್ದನ್ನು ಹೇಳಿದರು. ವಿಜಯಪುರದ ಅತ್ತಿಗೆಗೆ ರೂಪಾ ತನ್ನ ಬಾಯಿಂದಲೇ ಹೇಳಿದಳಂತೆ. ಅತ್ತಿಗೆ ಬಹಳ ಹೊತ್ತು ಅತ್ತರಂತೆ, ಈ ಸಲ ಪೇಢೆ ಹಂಚುವುದಿಲ್ಲ, ಸಟನ್ನಿನ ಮಾಲತಿಗೊಬ್ಬಳಿಗೆ ಹೇಳಲೇನು ಎಂದು ಸೊಸೆಯನ್ನೇ ಕೇಳಿದರಂತೆ. ಸೊಸೆ ಹೂಂ ಎಂದ ಮೇಲೆ ಸಟನ್ನಿಗೆ ಫೋನ್ ಮಾಡಿದ್ದರು.

"ನೀವು ಏನಂದ್ರಿ?" ಎಂದು ಕೇಳಿದೆ.

"ಏನಂತೀನಿ? ಹೌದೇನು, ಖರೇನ, ಯಾವಾಗ ತಿಳೀತು ಅಂತ ಎಲ್ಲಾ ಕೇಳಿದೆ. ಮೊದಲನೇ ಸಲಾ ಕೇಳಿದಂಗ. ಅಕಿಗೆ ಹೇಳೂ ಸಂತೋಷರೆ ಇರಲಿ ಅಂತ." ಮತ್ತೆ ತುಸು ಅಳುಕಿನಿಂದ, "ಅಕಿ ನಂಬಿದಳೋ ಇಲ್ಲೋ ಅದೇ ಚಿಂತಿ ಆಗೇದ ಸುಮಾ. ನಾಟಕಾ ಮಾಡಿ ರೂಢಿ ಇಲ್ಲ ನನಗ."